ಐವತ್ತು ಉಂಗುರಗಳಲ್ಲಿ ಮೂರು: ಸೊಯಿಚಿರೊ ಹೊಂಡಾ ಅವರ ಸೋಲುಗಳ ಲೆಕ್ಕ

ತಯಾರಿಸಿ ಕಳುಹಿಸಿದ ಸರಕು ತಿರಸ್ಕೃತವಾಗಿ ಕಾರ್ಖಾನೆಯ ಬಾಗಿಲಿಗೆ ಹಿಂದಿರುಗುವುದು ಸಣ್ಣ ಉದ್ಯಮಿಯ ಪಾಲಿಗೆ ಬಹಳ ಕಹಿಯಾದ ಅನುಭವ. ಕಚ್ಚಾ ಸಾಮಗ್ರಿಗೆ ಹಣ ಸಂದಾಯವಾಗಿರುತ್ತದೆ, ಕೂಲಿ ಕೊಟ್ಟಾಗಿರುತ್ತದೆ, ಸಾಗಣೆಯ ವೆಚ್ಚ ಎರಡು ಬಾರಿ ತಗಲಿರುತ್ತದೆ. ಬರಬೇಕಾದ ಹಣ ಮಾತ್ರ ಬಾರದು. 1930ರ ದಶಕದ ಕೊನೆಯಲ್ಲಿ ಜಪಾನಿನ ಹಮಮತ್ಸು ಪಟ್ಟಣದ ಯುವ ಉದ್ಯಮಿಯೊಬ್ಬರು ಟೊಯೊಟಾ ಸಂಸ್ಥೆಯ ಪರೀಕ್ಷೆಗೆ ಐವತ್ತು ಪಿಸ್ಟನ್ ಉಂಗುರಗಳನ್ನು ಸಲ್ಲಿಸಿದರು. ಪರೀಕ್ಷೆಯಲ್ಲಿ ತೇರ್ಗಡೆಯಾದವು ಮೂರು. ಉಳಿದ ನಲವತ್ತೇಳು ಹಿಂದಕ್ಕೆ ಬಂದವು.

ಆ ಉದ್ಯಮಿಯ ಹೆಸರು ಸೊಯಿಚಿರೊ ಹೊಂಡಾ. ಅವರ ಹೆಸರನ್ನು ಹೊತ್ತ ಕಂಪೆನಿ 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದ್ವಿಚಕ್ರ ವಾಹನಗಳ ಕಾರ್ಖಾನೆಯನ್ನು ತೆರೆಯಿತು. ಅಂತಹ ಬೃಹತ್ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಪೂರೈಸುವ ಸಣ್ಣ ತಯಾರಕರಿಗೆ ಗುಣಮಟ್ಟದ ಪರೀಕ್ಷೆಯೆಂದರೆ ಏನೆಂಬುದು ಚೆನ್ನಾಗಿ ಗೊತ್ತು. ಪರೀಕ್ಷಿಸುವ ಸ್ಥಾನದಲ್ಲಿರುವ ಈ ಹೆಸರು ಒಂದು ಕಾಲಕ್ಕೆ ಪರೀಕ್ಷೆಯಲ್ಲಿ ನಪಾಸಾಗಿ ತಲೆತಗ್ಗಿಸಿ ನಿಂತಿತ್ತೆಂಬುದು ಅನೇಕರಿಗೆ ತಿಳಿದಿರಲಾರದು.

ಹೊಂಡಾ ಅವರ ಜೀವನವನ್ನು ಛಲದ ಕಥೆಯೆಂದು ಹೇಳುವುದು ವಾಡಿಕೆ. ಸೋತರೂ ಬಿಡಲಿಲ್ಲ, ಕೊನೆಗೆ ಗೆದ್ದರು ಎಂಬುದು ಅದರ ಸಾರ. ಲೆಕ್ಕ ಬಲ್ಲವರಿಗೆ ಈ ನಿರೂಪಣೆ ತೃಪ್ತಿ ಕೊಡದು. ಬಿಡದೆ ಹಿಡಿದು ಕುಳಿತು ಮನೆ ಮಠ ಮಾರಿಕೊಂಡವರೂ ಲೋಕದಲ್ಲಿ ಕಡಮೆಯಿಲ್ಲ. ಹೊಂಡಾ ಅವರ ಪ್ರತಿಯೊಂದು ಸೋಲಿನ ನಂತರ ನಿಜವಾಗಿ ನಡೆದದ್ದೇನು, ಪಾಠ ಕಲಿಯುವವರೆಗೆ ಸಂಸ್ಥೆ ಬದುಕಿ ಉಳಿದದ್ದು ಯಾರ ಹಣದಿಂದ ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ ಕಥೆ ಬೇರೆಯಾಗಿ ಕಾಣುತ್ತದೆ.

ಸಿಲಿಕಾನ್ ಎಂಬ ಕೊರತೆ

ಹೊಂಡಾ 1906ರಲ್ಲಿ ಹಮಮತ್ಸುವಿನ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದರು. ತಂದೆ ಕಮ್ಮಾರರು, ಸೈಕಲ್ ದುರಸ್ತಿಯನ್ನೂ ಮಾಡುತ್ತಿದ್ದರು. ಮಗ 1922ರಲ್ಲಿ ಟೋಕಿಯೋದ ಆರ್ಟ್ ಶೊಕಾಯ್ ಎಂಬ ಮೋಟಾರು ದುರಸ್ತಿ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದನು. 1928ರಲ್ಲಿ ಅದರ ಶಾಖೆಯನ್ನು ಹಮಮತ್ಸುವಿನಲ್ಲಿ ತೆರೆದನು. ಅಂಗಡಿ ಚೆನ್ನಾಗಿ ನಡೆಯಿತು. ಆದರೆ ಮತ್ತೊಬ್ಬರು ಮಾಡಿದ ಯಂತ್ರವನ್ನು ದುರಸ್ತಿ ಮಾಡುತ್ತಲೇ ಆಯುಷ್ಯ ಕಳೆಯುವುದು ಅವರಿಗೆ ಬೇಡವಾಗಿತ್ತು. ತಯಾರಕನಾಗಬೇಕೆಂಬ ಹಂಬಲದಿಂದ ಆರಿಸಿಕೊಂಡದ್ದು ಪಿಸ್ಟನ್ ಉಂಗುರವನ್ನು.

ಪಿಸ್ಟನ್ ಉಂಗುರ ನೋಡಲು ಸಣ್ಣ ವಸ್ತು. ಎಂಜಿನ್ನಿನ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಕುಳಿತು, ಉರಿದ ಅನಿಲ ಕೆಳಗೆ ಸೋರದಂತೆಯೂ ಎಣ್ಣೆ ಮೇಲಕ್ಕೆ ಏರದಂತೆಯೂ ತಡೆಯುವುದು ಅದರ ಕೆಲಸ. ಅದು ಗಟ್ಟಿಯಾಗಿರಬೇಕು, ಆದರೆ ಮುರಿಯಬಾರದು. ಸವೆತವನ್ನು ತಾಳಬೇಕು, ಜೊತೆಗೆ ಸ್ಪ್ರಿಂಗಿನಂತೆ ಹಿಗ್ಗಿ ಗೋಡೆಗೆ ಒತ್ತಿಕೊಳ್ಳಬೇಕು. ಹೊಂಡಾ ಎರಕ ಹೊಯ್ದ ಉಂಗುರಗಳು ಗಾಜಿನಂತೆ ಮುರಿದವು. ಹಗಲು ರಾತ್ರಿ ದುಡಿದರು, ಕಾರ್ಖಾನೆಯಲ್ಲೇ ಮಲಗಿದರು, ಉಳಿತಾಯದ ಹಣ ಕರಗಿತು. ಉಂಗುರ ಮಾತ್ರ ಸರಿಯಾಗಲಿಲ್ಲ.

ಈ ಹಂತದವರೆಗೆ ಹೊಂಡಾ ಮಾಡಿದ್ದು ಬರಿಯ ಛಲ. ಅದೇ ಲೋಹ, ಅದೇ ಕುಲುಮೆ, ಅದೇ ವಿಧಾನ. ಪ್ರಯತ್ನದ ಸಂಖ್ಯೆ ಮಾತ್ರ ಹೆಚ್ಚುತ್ತಿತ್ತು. ತಿರುವು ಬಂದದ್ದು ಅವರು ಮುರಿದ ಉಂಗುರವನ್ನು ಕೈಯಲ್ಲಿ ಹಿಡಿದು ಹಮಮತ್ಸುವಿನ ತಾಂತ್ರಿಕ ಕಾಲೇಜಿನ ಪ್ರಾಧ್ಯಾಪಕರೊಬ್ಬರ ಬಳಿಗೆ ಹೋದಾಗ. ಲೋಹವನ್ನು ಪರೀಕ್ಷಿಸಿದ ಅವರು ಅದರಲ್ಲಿ ಸಿಲಿಕಾನ್ ಕಡಮೆಯಿದೆ ಎಂದರು. ಸಿಲಿಕಾನ್ ಬೇಕೆಂಬುದೇ ಹೊಂಡಾ ಅವರಿಗೆ ತಿಳಿದಿರಲಿಲ್ಲ! ಬೆಳಗಾವಿಯ ಎರಕದ ಉದ್ದಿಮೆದಾರರಿಗೆ ಇದು ಹೊಸ ವಿಷಯವಲ್ಲ. ಬೀಡು ಕಬ್ಬಿಣದಲ್ಲಿ ಸಿಲಿಕಾನ್ ಸಾಕಷ್ಟಿದ್ದರೆ ಇಂಗಾಲವು ಗ್ರಾಫೈಟ್ ಆಗಿ ಬೇರ್ಪಡುತ್ತದೆ. ಇಲ್ಲವಾದರೆ, ಅದರಲ್ಲೂ ತೆಳ್ಳಗಿನ ಎರಕ ಬೇಗ ತಣಿಯುವಾಗ, ಲೋಹ ಬಿಳಿಯ ಬೀಡಾಗಿ ಪೆಡಸಾಗುತ್ತದೆ. ಕಾರಣ ಇಷ್ಟೇ. ಅದು ಕುಲುಮೆಯ ಮುಂದೆ ಎಷ್ಟು ರಾತ್ರಿ ಕಳೆದರೂ ಕಣ್ಣಿಗೆ ಕಾಣುವಂಥದ್ದಲ್ಲ.

ಮೂವತ್ತು ವಯಸ್ಸಿನ ಆಚೀಚೆ ಇದ್ದ, ಆಳುಕಾಳುಗಳಿದ್ದ ಅಂಗಡಿಯ ಯಜಮಾನರು ಆ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ತಮಗೆ ಬೇಕಾದ ಪಾಠಗಳಿಗೆ ಮಾತ್ರ ಹಾಜರಾದರು, ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ. ಕಾಲೇಜು ಅವರನ್ನು ಹೊರಗೆ ಕಳುಹಿಸಿತು. ಅವರಿಗೆ ಬೇಕಾಗಿದ್ದುದು ಪದವಿಯಲ್ಲ, ಉಂಗುರ. 1937ರ ನವೆಂಬರ್ ತಿಂಗಳಲ್ಲಿ ಒಂದು ಒಳ್ಳೆಯ ಉಂಗುರ ಸಿದ್ಧವಾಯಿತು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಟೊಯೊಟಾದವರು ಐವತ್ತರಲ್ಲಿ ಮೂರನ್ನು ಮಾತ್ರ ಒಪ್ಪಿದ್ದು ಇದಾದ ಮೇಲೆ. ಒಂದು ಒಳ್ಳೆಯ ಉಂಗುರ ಮಾಡುವುದು ಬೇರೆ, ಒಂದೇ ಅಳತೆಯ ಸಾವಿರ ಉಂಗುರ ಮಾಡುವುದು ಬೇರೆ. ಮೊದಲನೆಯದು ಲೋಹದ ಜ್ಞಾನ, ಎರಡನೆಯದು ಉತ್ಪಾದನಾ ವಿಧಾನದ ಜ್ಞಾನ. ಹೊಂಡಾ ಮತ್ತೆ ಸುಮಾರು ಎರಡು ವರ್ಷ ಕಾಲ ಜಪಾನಿನ ವಿಶ್ವವಿದ್ಯಾಲಯಗಳನ್ನೂ ಉಕ್ಕಿನ ಕಾರ್ಖಾನೆಗಳನ್ನೂ ಸುತ್ತಿ ಈ ಎರಡನೆಯ ವಿದ್ಯೆಯನ್ನು ಕಲಿತರು. ತೊಕಾಯ್ ಸೈಕಿ ಎಂಬ ಅವರ ಕಂಪೆನಿ ಕೊನೆಗೆ ಟೊಯೊಟಾಕ್ಕೆ ಮಾತ್ರವಲ್ಲದೆ ವಿಮಾನ ತಯಾರಕರಾದ ನಕಾಜಿಮಾ ಸಂಸ್ಥೆಗೂ ಉಂಗುರಗಳನ್ನು ಪೂರೈಸಿತು.

ಸಣ್ಣ ಘಟಕಗಳ ಲೆಕ್ಕಪುಸ್ತಕಗಳನ್ನು ನೋಡುವವರ ಗಮನಕ್ಕೆ ಪದೇ ಪದೇ ಬರುವ ಸಂಗತಿಯೊಂದನ್ನು ಇಲ್ಲಿ ಹೇಳಬಹುದು. ತಿರಸ್ಕೃತ ಮಾಲಿಗೆ ಪ್ರತ್ಯೇಕ ಖಾತೆಯೇ ಇರುವುದಿಲ್ಲ. ಹಾಳಾದ ಸರಕು ಕಚ್ಚಾ ಸಾಮಗ್ರಿಯ ಬಳಕೆಯೊಳಗೆ ಸೇರಿಹೋಗುತ್ತದೆ. ಗುಜರಿಗೆ ಮಾರಿದ ಹಣ ಇತರೆ ಆದಾಯದಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷಾಂತ್ಯದಲ್ಲಿ ಲಾಭ ಕಡಮೆಯಾಯಿತೆಂದು ಮಾತ್ರ ತಿಳಿಯುತ್ತದೆ, ಯಾವ ತಿಂಗಳಿನಲ್ಲಿ, ಯಾವ ಯಂತ್ರದಲ್ಲಿ, ಯಾವ ತಂಡದ ಕಬ್ಬಿಣದಲ್ಲಿ ಎಂಬುದು ತಿಳಿಯುವುದಿಲ್ಲ. ನಲವತ್ತೇಳು ಉಂಗುರಗಳು ಹಿಂದಕ್ಕೆ ಬಂದವೆಂದು ಬರೆದಿಟ್ಟುಕೊಂಡವನಿಗಷ್ಟೇ ಅವು ಏಕೆ ಬಂದವೆಂದು ಕೇಳುವ ಅವಕಾಶ.

ತಪ್ಪಲ್ಲದ ನಷ್ಟ

ಯುದ್ಧ ಬಂದಿತು. 1942ರಲ್ಲಿ ಟೊಯೊಟಾ ಸಂಸ್ಥೆ ತೊಕಾಯ್ ಸೈಕಿಯ ಶೇಕಡಾ 40ರಷ್ಟು ಪಾಲನ್ನು ಪಡೆಯಿತು. ವೈಮಾನಿಕ ದಾಳಿಯಲ್ಲಿ ಒಂದು ಕಾರ್ಖಾನೆ ನಾಶವಾಯಿತು. 1945ರ ಜನವರಿಯ ಭೂಕಂಪದಲ್ಲಿ ಇನ್ನೊಂದು ಕುಸಿದುಬಿತ್ತು. ಯುದ್ಧ ಮುಗಿದ ಮೇಲೆ ಹೊಂಡಾ ತಮ್ಮ ಪಾಲನ್ನು 4,50,000 ಯೆನ್‌ಗೆ ಟೊಯೊಟಾಕ್ಕೇ ಮಾರಿ ಹೊರಬಂದರು. ಸುಮಾರು ಒಂದು ವರ್ಷ ಯಾವ ಉದ್ಯೋಗವನ್ನೂ ಕೈಗೊಳ್ಳಲಿಲ್ಲ.

ಬಾಂಬು, ಭೂಕಂಪಗಳು ತಪ್ಪುಗಳಲ್ಲ. ಅವುಗಳಿಂದ ಕಲಿಯಲು ವಿಮೆಯ ಪಾಠವೊಂದರ ಹೊರತು ಹೆಚ್ಚೇನೂ ಇಲ್ಲ. ಉದ್ಯಮಿಗಳು ಸಾಮಾನ್ಯವಾಗಿ ಎರಡು ಬಗೆಯ ನಷ್ಟಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಗ್ರಹಚಾರ’ ಎಂದು ಹೆಸರಿಡುತ್ತಾರೆ. ಹೊಂಡಾ ಅವರ ಮುಂದಿನ ಸಂಕಟ ಗ್ರಹಚಾರದ್ದಲ್ಲ. ಅದನ್ನು ಅವರೇ ತಂದುಕೊಂಡರು, ಅದೂ ವ್ಯಾಪಾರ ಅತ್ಯಂತ ಚೆನ್ನಾಗಿ ನಡೆಯುತ್ತಿದ್ದಾಗ.

ಮೊಹರನ್ನು ಒಪ್ಪಿಸಿದ ಯಜಮಾನ

1946ರಲ್ಲಿ ಹೊಂಡಾ ಹಮಮತ್ಸುವಿನಲ್ಲಿ ಒಂದು ಸಣ್ಣ ಕಾರ್ಯಾಗಾರವನ್ನು ಆರಂಭಿಸಿದರು. ಸೈನ್ಯದ ರೇಡಿಯೋಗಳಿಗೆ ವಿದ್ಯುತ್ ಒದಗಿಸಲು ಮಾಡಿದ್ದ ಪುಟ್ಟ ಎಂಜಿನ್‌ಗಳು ಯುದ್ಧಾನಂತರ ಹಾಗೆಯೇ ಬಿದ್ದಿದ್ದವು. ಅಂತಹ ಸುಮಾರು ಐನೂರನ್ನು ಕೊಂಡು ಸೈಕಲ್ಲಿಗೆ ಜೋಡಿಸಿ ಮಾರಿದರು. ಮೊದಮೊದಲು ಬಿಸಿನೀರು ತುಂಬಿ ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಡಬ್ಬಿಯೇ ಇಂಧನದ ಟ್ಯಾಂಕು! ದಾಸ್ತಾನು ಮುಗಿದ ಮೇಲೆ ತಾವೇ ಎಂಜಿನ್ ರೂಪಿಸಿದರು. 1948ರ ಸೆಪ್ಟೆಂಬರ್ 24ರಂದು 10 ಲಕ್ಷ ಯೆನ್ ಬಂಡವಾಳದ ಹೊಂಡಾ ಮೋಟಾರ್ ಕಂಪೆನಿ ನೋಂದಣಿಯಾಯಿತು.

ಎಂಜಿನ್ ಮಾಡುವುದರಲ್ಲಿ ಹೊಂಡಾ ನಿಪುಣರು. ಹಣ ವಸೂಲಿ ಮಾಡುವುದರಲ್ಲಿ ಅಲ್ಲ. ಅದು ತಮ್ಮಿಂದಾಗದೆಂದು ಅವರೇ ಒಪ್ಪಿಕೊಂಡದ್ದು ಅವರ ದೊಡ್ಡ ಗುಣ. 1949ರಲ್ಲಿ ಟಕೆಯೊ ಫುಜಿಸಾವಾ ಎಂಬ ವ್ಯವಹಾರ ಕುಶಲಿ ಜೊತೆಗೂಡಿದರು. ಇಬ್ಬರ ನಡುವಿನ ಒಪ್ಪಂದ ಸರಳವಾಗಿತ್ತು: ತಂತ್ರಜ್ಞಾನ ಹೊಂಡಾ ಅವರದು, ಹಣ ಮತ್ತು ಮಾರಾಟ ಫುಜಿಸಾವಾ ಅವರದು. ಜಪಾನಿನಲ್ಲಿ ಸಹಿಯ ಸ್ಥಾನದಲ್ಲಿ ಮೊಹರು ನಡೆಯುತ್ತದೆ. ಕಂಪೆನಿಯ ಅಧ್ಯಕ್ಷರ ಮೊಹರನ್ನೇ ಹೊಂಡಾ ಅವರು ಫುಜಿಸಾವಾ ಅವರ ಕೈಗೆ ಒಪ್ಪಿಸಿಬಿಟ್ಟರು. ಚೆಕ್ ಪುಸ್ತಕವನ್ನು ಸ್ವಂತ ತಮ್ಮನಿಗೂ ಕೊಡಲು ಹಿಂದೆಮುಂದೆ ನೋಡುವ ಕುಟುಂಬ ವ್ಯವಹಾರಗಳನ್ನು ಬಲ್ಲವರು ಇದರ ತೂಕವನ್ನು ಅರಿಯಬಲ್ಲರು.

ಫುಜಿಸಾವಾ ಅವರ ವ್ಯಾಪಾರ ಬುದ್ಧಿಗೆ ಒಂದು ನಿದರ್ಶನ ಸಾಕು. 1952ರಲ್ಲಿ ‘ಕಬ್’ ಎಂಬ ಸೈಕಲ್ ಎಂಜಿನ್ ಸಿದ್ಧವಾದಾಗ ದೇಶದ ಸುಮಾರು 50,000 ಸೈಕಲ್ ಅಂಗಡಿಗಳಿಗೆ ಅವರು ಅಂಚೆಯ ಮೂಲಕ ಪತ್ರ ಬರೆಸಿದರು. ಚಿಲ್ಲರೆ ಬೆಲೆ 25,000 ಯೆನ್, ಅಂಗಡಿಯವರಿಗೆ 19,000 ಯೆನ್. ಹಣ ಮುಂಗಡವಾಗಿ ಕಳುಹಿಸಬೇಕು. ಅದುವರೆಗೆ ಮೋಟಾರು ಸರಕನ್ನು ಮುಟ್ಟದಿದ್ದ ಸಾವಿರಾರು ಅಂಗಡಿಗಳು ಹಣ ಕಳುಹಿಸಿದವು. ಮಾರಾಟ ಜಾಲವೂ ದುಡಿಯುವ ಬಂಡವಾಳವೂ ಒಂದೇ ಅಂಚೆಯಲ್ಲಿ ಬಂದಂತಾಯಿತು.

ಹಣ ಹರಿದು ಬರತೊಡಗಿದ ಈ ಹೊತ್ತಿನಲ್ಲಿಯೇ ಹೊಂಡಾ ಅವರು ವಿದೇಶಗಳಿಂದ 45 ಕೋಟಿ ಯೆನ್ ಮೌಲ್ಯದ ಯಂತ್ರೋಪಕರಣಗಳನ್ನು ತರಿಸಲು ನಿರ್ಧರಿಸಿದರು. ಆಗ ಕಂಪೆನಿಯ ಬಂಡವಾಳ 60 ಲಕ್ಷ ಯೆನ್. ಅದೇ ವರ್ಷ ಅದನ್ನು 150 ಲಕ್ಷಕ್ಕೆ ಏರಿಸಲಾಯಿತು. ಏರಿಸಿದ ಬಂಡವಾಳದ ಮೂವತ್ತು ಪಟ್ಟು ಯಂತ್ರಗಳು! ಒಳ್ಳೆಯ ಯಂತ್ರವಿಲ್ಲದೆ ಒಳ್ಳೆಯ ಎಂಜಿನ್ ಇಲ್ಲವೆಂಬ ಅವರ ವಾದ ತಾಂತ್ರಿಕವಾಗಿ ನೂರಕ್ಕೆ ನೂರು ಸರಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತೂ ಅಷ್ಟೇ ಸರಿ.

1954ರ ಜೂನ್

ಕೊರಿಯಾ ಯುದ್ಧದ ಕಾಲದ ಭರಾಟೆ ಇಳಿದು 1954ರಲ್ಲಿ ಜಪಾನಿನ ಮಾರುಕಟ್ಟೆ ಕುಗ್ಗಿತು. ಅದೇ ಸಮಯದಲ್ಲಿ ಹೊಂಡಾ ಕಂಪೆನಿಯ ಸರಕುಗಳು ಒಂದರ ಹಿಂದೆ ಒಂದು ಕೈಕೊಟ್ಟವು. ಹೊಸದಾಗಿ ಬಿಡುಗಡೆಯಾದ ‘ಜುನೊ’ ಸ್ಕೂಟರ್ ನೋಡಲು ಸುಂದರವಾಗಿತ್ತು, ಪ್ಲಾಸ್ಟಿಕ್ ಮೈ, ಗಾಳಿ ತಡೆಯುವ ಪರದೆ, ಗುಂಡಿ ಒತ್ತಿದರೆ ಚಾಲನೆ. ಆದರೆ ಮೈಯೊಳಗೆ ಹುದುಗಿದ ಎಂಜಿನ್ ಬಿಸಿಯಾಗುತ್ತಿತ್ತು. ಗಾಡಿ ಭಾರ, ಎಳೆಯುವ ಶಕ್ತಿ ಕಡಮೆ. ಕಬ್ ಎಂಜಿನ್ನಿಗೆ ಪ್ರತಿಸ್ಪರ್ಧಿಗಳು ಹುಟ್ಟಿಕೊಂಡು ಅದರ ಮಾರಾಟ ಇಳಿಯಿತು. ಕಂಪೆನಿಯ ಆಧಾರಸ್ತಂಭವಾಗಿದ್ದ ‘ಡ್ರೀಮ್’ ಮೋಟಾರ್ ಸೈಕಲ್ಲಿನ ಎಂಜಿನ್ ಗಾತ್ರವನ್ನು ಹೆಚ್ಚಿಸಿದ ನಂತರ ಗ್ರಾಹಕರಿಂದ ದೂರುಗಳ ಸುರಿಮಳೆಯಾಯಿತು. ಕಾರಣ ಯಾರಿಗೂ ತಿಳಿಯದು. ಯಂತ್ರಗಳಿಗಾಗಿ ಮಾಡಿದ ಸಾಲದ ಪತ್ರಗಳ ಗಡುವು ಮಾತ್ರ ಕಾಯುವಂತಿರಲಿಲ್ಲ.

ಇಲ್ಲಿ ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದ ಬಗೆ ಗಮನಾರ್ಹ. ಹೊಂಡಾ ಅವರು ಡ್ರೀಮ್ ಎಂಜಿನ್ನನ್ನು ಬಿಚ್ಚಿ ಕುಳಿತರು. ದೋಷ ಎಂಜಿನ್ನಿನ ಒಡಲಿನಲ್ಲಿಲ್ಲ, ಇಂಧನವನ್ನೂ ಗಾಳಿಯನ್ನೂ ಬೆರೆಸುವ ಕಾರ್ಬ್ಯುರೇಟರಿನಲ್ಲಿದೆ ಎಂಬುದನ್ನು ಪತ್ತೆಹಚ್ಚಿದರು. ಪಿಸ್ಟನ್ ಉಂಗುರದ ಪಾಠ ಇಲ್ಲಿ ಫಲಕೊಟ್ಟಿತು. ಅವರು ಇಡೀ ಗಾಡಿಯನ್ನು ಹಳಿಯಲಿಲ್ಲ, ಗ್ರಾಹಕನನ್ನಂತೂ ಹಳಿಯಲೇ ಇಲ್ಲ. ಮೊದಲು ಕಾರಣವನ್ನು ಹುಡುಕಿದರು.

ಆದರೆ ಕಾರಣ ಸಿಕ್ಕುವವರೆಗೆ ಕಂಪೆನಿ ಬದುಕಿರಬೇಕಲ್ಲ. ಆ ದಿನಗಳನ್ನು ಕೊಂಡುಕೊಟ್ಟವರು ಫುಜಿಸಾವಾ. ಉತ್ಪಾದನೆಯನ್ನು ಕಡಿತಗೊಳಿಸಿದರು. ಬಿಡಿಭಾಗ ಪೂರೈಸುವವರನ್ನು ಕರೆದು ಪರಿಸ್ಥಿತಿಯನ್ನು ಬಿಚ್ಚಿ ಹೇಳಿ, ಸದ್ಯಕ್ಕೆ ಶೇಕಡಾ 30ರಷ್ಟು ಹಣ ಪಡೆದು ಸರಕು ಕೊಡಬೇಕೆಂದು ಬೇಡಿದರು. ಕಾರ್ಮಿಕ ಸಂಘ ಕೇಳಿದ ಬೋನಸ್ಸಿನ ಸಣ್ಣ ಅಂಶವನ್ನಷ್ಟೇ ಕೊಡಲು ಸಾಧ್ಯವೆಂದು ಸಂಘದ ಸಭೆಯಲ್ಲಿ ತಾವೇ ನಿಂತು ಹೇಳಿದರು. ಮಿತ್ಸುಬಿಷಿ ಬ್ಯಾಂಕಿಗೆ ಹೋಗಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಮುಚ್ಚುಮರೆಯಿಲ್ಲದೆ ಮುಂದಿಟ್ಟರು. ಬ್ಯಾಂಕು ಕೈಬಿಡಲಿಲ್ಲ. ಜೂನ್ ತಿಂಗಳ ಗಂಡಾಂತರ ಕಳೆಯಿತು.

ಸಾಲ ಕೊಟ್ಟವನು ನಷ್ಟಕ್ಕೆ ಅಷ್ಟಾಗಿ ಹೆದರುವುದಿಲ್ಲ, ಬಚ್ಚಿಟ್ಟ ನಷ್ಟಕ್ಕೆ ಹೆದರುತ್ತಾನೆ. ದಾಸ್ತಾನಿನ ಪಟ್ಟಿಯಲ್ಲಿ ಮಾರಾಟವಾಗದ ಮಾಲನ್ನು ಪೂರ್ಣ ಬೆಲೆಗೆ ತೋರಿಸಿ ಬ್ಯಾಂಕಿಗೆ ಒಪ್ಪಿಸುವವರು, ಮುಂದಿನ ವರ್ಷ ಅದೇ ಬ್ಯಾಂಕಿನ ಮುಂದೆ ನಿಜ ಹೇಳಬೇಕಾದಾಗ ನಂಬಿಕೆಯ ಬಂಡವಾಳವನ್ನೇ ಕಳೆದುಕೊಂಡಿರುತ್ತಾರೆ. ಪೂರೈಕೆದಾರರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾರತದಲ್ಲಿ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾನೂನಿನ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರನಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳಿಗೆ ಮೀರಿ ಹಣ ತಡೆಹಿಡಿಯುವಂತಿಲ್ಲ. ತಡೆದರೆ ಬಡ್ಡಿ ತೆರಬೇಕು. ಫುಜಿಸಾವಾ ಅವರ ದಾರಿ ಇಲ್ಲಿ ಹಾಗೆಯೇ ನಡೆಯದು. ಅವರ ನೇರ ನುಡಿ ಮಾತ್ರ ಯಾವ ಕಾನೂನಿಗೂ ವಿರುದ್ಧವಲ್ಲ.

ಒಂದು ತಿರುಪು ಮೊಳೆ

ಈ ಸಂಕಷ್ಟದ ನಡುವೆಯೇ, 1954ರ ಮಾರ್ಚ್ ತಿಂಗಳಲ್ಲಿ, ಬ್ರಿಟನ್ನಿನ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಮೋಟಾರ್ ಸೈಕಲ್ ಸ್ಪರ್ಧೆಯಲ್ಲಿ ತಮ್ಮ ಕಂಪೆನಿ ಭಾಗವಹಿಸಿ ಗೆಲ್ಲುವುದೆಂದು ಹೊಂಡಾ ಘೋಷಿಸಿದ್ದರು. ಜೂನ್ ತಿಂಗಳಲ್ಲಿ ಆ ಸ್ಪರ್ಧೆಯನ್ನು ಕಣ್ಣಾರೆ ನೋಡಲು ಹೋದಾಗ ಅವರಿಗೆ ಆಘಾತ ಕಾದಿತ್ತು. ಜರ್ಮನಿಯ ಎನ್‌ಎಸ್‌ಯು ಮೊದಲಾದ ಸಂಸ್ಥೆಗಳ ಗಾಡಿಗಳು ಅದೇ ಗಾತ್ರದ ತಮ್ಮ ಎಂಜಿನ್ನಿನ ಸುಮಾರು ಮೂರು ಪಟ್ಟು ಶಕ್ತಿ ಕೊಡುತ್ತಿದ್ದವು. ಘೋಷಣೆ ಮಾಡುವ ಮೊದಲೇ ನೋಡಬೇಕಿತ್ತೆಂದು ಹೇಳುವವರು ಹೇಳಬಹುದು. ಅದು ನ್ಯಾಯವಾದ ಟೀಕೆಯೇ.

ಅವರು ಹಿಂದಿರುಗುವಾಗ ಯೂರೋಪಿನಲ್ಲಿ ಸಿಕ್ಕ ಸರಪಳಿ, ಟಯರು, ಕಾರ್ಬ್ಯುರೇಟರುಗಳನ್ನು ಹೊತ್ತು ತಂದರು. ಕಾರ್ಖಾನೆಯೊಂದನ್ನು ನೋಡುವಾಗ ನೆಲದ ಮೇಲೆ ಬಿದ್ದಿದ್ದ ಒಂದು ತಿರುಪು ಮೊಳೆಯನ್ನೂ ಎತ್ತಿಕೊಂಡು ಬಂದರು. ಅದರ ತಲೆಯ ಮೇಲೆ ಕೂಡಿಸುವ ಚಿಹ್ನೆಯಂತಹ ಗೀರು ಇತ್ತು. ಜಪಾನಿನಲ್ಲಿ ಆಗ ಬಳಕೆಯಲ್ಲಿದ್ದುದು ಒಂದೇ ಗೀರಿನ ಮೊಳೆ. ಅದನ್ನು ಕೈಯಿಂದಲೇ ಬಿಗಿಯಬೇಕು. ಅಡ್ಡಗೀರಿನ ಮೊಳೆಯನ್ನಾದರೆ ಯಂತ್ರದಿಂದ ಕ್ಷಣಮಾತ್ರದಲ್ಲಿ ಬಿಗಿಯಬಹುದು, ಬಿಗಿತವೂ ಎಲ್ಲ ಕಡೆ ಒಂದೇ ಸಮ. ಆ ಪ್ರವಾಸದ ವೆಚ್ಚ ಆ ಒಂದು ಮೊಳೆಯಿಂದಲೇ ಹುಟ್ಟಿರಬಹುದು.

ಘೋಷಿಸಿ ಐದು ವರ್ಷಗಳ ನಂತರ, 1959ರಲ್ಲಿ, ಕಂಪೆನಿ ಆ ಸ್ಪರ್ಧೆಗೆ ಇಳಿಯಿತು. 125 ಸಿಸಿ ವರ್ಗದಲ್ಲಿ ಆರನೆಯ ಸ್ಥಾನ ಬಂದಿತು. 1961ರಲ್ಲಿ 125 ಮತ್ತು 250 ಸಿಸಿ ಎರಡೂ ವರ್ಗಗಳಲ್ಲಿ ಮೊದಲಿನಿಂದ ಐದನೆಯವರೆಗಿನ ಎಲ್ಲ ಸ್ಥಾನಗಳೂ ಹೊಂಡಾ ಗಾಡಿಗಳಿಗೆ ಸಂದವು.

ಅಮೆರಿಕದಲ್ಲಿ ತಪ್ಪಿದ ಊಹೆ

1959ರಲ್ಲಿಯೇ ಕಂಪೆನಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಚೇರಿ ತೆರೆಯಿತು. ಅಮೆರಿಕನ್ನರು ದೊಡ್ಡ ಗಾಡಿಗಳನ್ನು ಇಷ್ಟಪಡುವವರು, ಆದ್ದರಿಂದ ದೊಡ್ಡ ಗಾಡಿಗಳನ್ನೇ ಮಾರಬೇಕು ಎಂಬುದು ಲೆಕ್ಕಾಚಾರ. ಆದರೆ ಅಲ್ಲಿನ ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿಸಿದಾಗ ಗಾಡಿಗಳು ಎಣ್ಣೆ ಸೋರಿದವು, ಕ್ಲಚ್ಚುಗಳು ಕೆಟ್ಟವು. ಜಪಾನಿನ ಕಿರಿದಾದ ರಸ್ತೆಗಳಲ್ಲಿ ಕಾಣದ ದೋಷ ಅಲ್ಲಿ ಕಂಡಿತು. ಗಾಡಿಗಳನ್ನು ಜಪಾನಿಗೆ ಮರಳಿ ಕಳುಹಿಸಿ ದೋಷ ಸರಿಪಡಿಸಬೇಕಾಯಿತು.

ಈ ನಡುವೆ ಕಚೇರಿಯ ನೌಕರರು ಊರೊಳಗೆ ಓಡಾಡಲು 50 ಸಿಸಿಯ ಪುಟ್ಟ ‘ಸೂಪರ್ ಕಬ್’ ಗಾಡಿಯನ್ನು ಬಳಸುತ್ತಿದ್ದರು. ಕಂಡವರೆಲ್ಲ ಅದು ಎಲ್ಲಿ ಸಿಗುವುದೆಂದು ವಿಚಾರಿಸತೊಡಗಿದರು. ಚಿಕ್ಕ ಗಾಡಿ ಮಾರಿದರೆ ಹೆಸರು ಕೆಡುವುದೆಂಬ ಅಳುಕು ಇದ್ದರೂ, ಬೇರೆ ದಾರಿಯಿಲ್ಲದೆ ಅದನ್ನೇ ಮಾರಲು ಹೊರಟರು. ಕ್ರೀಡಾ ಸಾಮಗ್ರಿಗಳ ಅಂಗಡಿಗಳಲ್ಲಿಯೂ ಅದು ಮಾರಾಟವಾಯಿತು. ಮುಂದಿನದು ಎಲ್ಲರೂ ಬಲ್ಲ ಇತಿಹಾಸ. 1958ರಲ್ಲಿ ಆರಂಭವಾದ ಆ ಮಾದರಿಯ ಒಟ್ಟು ಉತ್ಪಾದನೆ 2017ರಲ್ಲಿ 10 ಕೋಟಿಯನ್ನು ದಾಟಿತು. ಮಾರುಕಟ್ಟೆಯು ತಾನಾಗಿ ಬಾಗಿಲು ತಟ್ಟಿ ಹೇಳಿದ್ದನ್ನು, ಯೋಜನೆಯ ಕಾಗದದಲ್ಲಿ ಇಲ್ಲವೆಂದು ತಳ್ಳಿಹಾಕದೆ ಕೇಳಿಸಿಕೊಂಡದ್ದು ಇಲ್ಲಿ ನಡೆದ ಜಾಣತನ. ಬೇರೆ ಜಾಣತನವೇನೂ ನಡೆಯಲಿಲ್ಲ.

ಛಲವೇ ತಪ್ಪಾದಾಗ

ಎಡವಿದ ಬೆರಳೇ ಎಡವುವುದು ಎಂಬ ಗಾದೆಯಿದೆ. ಹೊಂಡಾ ಅವರ ಕೊನೆಯ ದೊಡ್ಡ ತಪ್ಪು ಅವರ ದೊಡ್ಡ ಗುಣದಿಂದಲೇ ಹುಟ್ಟಿತು. ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಗಾಳಿಯಿಂದ ತಣಿಸಿ ಗೆದ್ದಿದ್ದ ಅವರು ಕಾರುಗಳಿಗೂ ಅದೇ ವಿಧಾನ ಸರಿಯೆಂದು ಪಟ್ಟುಹಿಡಿದರು. ನೀರಿನಿಂದ ತಣಿಸಿದರೂ ಕೊನೆಗೆ ಆ ನೀರನ್ನು ತಣಿಸುವುದು ಗಾಳಿಯೇ ತಾನೆ ಎಂಬುದು ಅವರ ತರ್ಕ. ಈ ಹಟದ ಫಲವಾಗಿ 1969ರಲ್ಲಿ ಹೊರಬಂದ ‘ಹೊಂಡಾ 1300’ ಕಾರಿನ ಎಂಜಿನ್ ಶಕ್ತಿಯುತವಾಗಿತ್ತು, ಆದರೆ ಜಟಿಲ, ಭಾರ, ದುಬಾರಿ. ವಾಣಿಜ್ಯದ ದೃಷ್ಟಿಯಿಂದ ಅದು ಸೋತಿತು. ವಾಹನಗಳ ಹೊಗೆಯನ್ನು ನಿಯಂತ್ರಿಸುವ ಕಠಿಣ ಕಾನೂನು ಅಮೆರಿಕದಲ್ಲಿ ಬರುತ್ತಿದ್ದುದರಿಂದ, ತಾಪಮಾನವನ್ನು ಹದವಾಗಿಡಬಲ್ಲ ನೀರಿನ ವಿಧಾನವೇ ಬೇಕೆಂದು ಕಿರಿಯ ಎಂಜಿನಿಯರುಗಳು ವಾದಿಸಿದರು. ಯಜಮಾನರು ಕೇಳಲಿಲ್ಲ. ಮುಂದೆ 1983ರಲ್ಲಿ ಕಂಪೆನಿಯ ಅಧ್ಯಕ್ಷರಾದ ಟಡಾಶಿ ಕುಮೆ ಅವರು ಆಗ ಬೇಸತ್ತು ಕೆಲವು ಕಾಲ ಕೆಲಸಕ್ಕೇ ಬರಲಿಲ್ಲ.

ಎಂಜಿನಿಯರುಗಳು ಫುಜಿಸಾವಾ ಅವರ ಬಳಿಗೆ ಹೋದರು. ಇಪ್ಪತ್ತು ವರ್ಷ ತಾಂತ್ರಿಕ ವಿಷಯದಲ್ಲಿ ತಲೆಹಾಕದಿದ್ದ ಫುಜಿಸಾವಾ, ಹೊಂಡಾ ಅವರನ್ನು ಕಂಡು ಒಂದು ಪ್ರಶ್ನೆಯನ್ನಷ್ಟೇ ಕೇಳಿದರು: ತಾವು ಈ ಕಂಪೆನಿಯಲ್ಲಿ ಇರುವುದು ಅಧ್ಯಕ್ಷರಾಗಿಯೋ, ಎಂಜಿನಿಯರಾಗಿಯೋ? ಹೊಂಡಾ ಅಧ್ಯಕ್ಷರಾಗಿ ಉಳಿಯಲು ಒಪ್ಪಿದರು. ನೀರಿನ ಎಂಜಿನ್ನಿಗೆ ಅಪ್ಪಣೆ ದೊರೆಯಿತು. 1972ರಲ್ಲಿ ‘ಸಿವಿಕ್’ ಕಾರು ಮಾರುಕಟ್ಟೆಗೆ ಬಂದಿತು. ಅದೇ ವರ್ಷ ಪ್ರಕಟವಾದ ‘ಸಿವಿಸಿಸಿ’ ಎಂಜಿನ್, 1975ನೆಯ ಸಾಲಿಗೆ ಅಮೆರಿಕ ವಿಧಿಸಿದ್ದ ಹೊಗೆಯ ಮಿತಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿತು.

ಸಂಸ್ಥಾಪಕನ ಛಲವೇ ಸಂಸ್ಥೆಯ ತಪ್ಪಾಗುವ ಗಳಿಗೆ ಪ್ರತಿಯೊಂದು ವ್ಯವಹಾರದಲ್ಲಿಯೂ ಬರುತ್ತದೆ. ಅಂತಹ ಗಳಿಗೆಯಲ್ಲಿ ಲಾಭನಷ್ಟದ ತಖ್ತೆ ಸಾಲದು. ಅದು ನಷ್ಟವನ್ನು ತೋರಿಸುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಯಜಮಾನರ ಎದುರು ಕುಳಿತು ಪ್ರಶ್ನೆ ಕೇಳಬಲ್ಲ ಒಬ್ಬ ಮನುಷ್ಯ ಬೇಕು. ಹೊಂಡಾ ಅವರು 1949ರಲ್ಲಿ ಮೊಹರನ್ನು ಒಪ್ಪಿಸಿದ್ದು ಅಂತಹ ಮನುಷ್ಯನಿಗೆ.

1973ರಲ್ಲಿ ಇಬ್ಬರೂ ಒಟ್ಟಿಗೆ ನಿವೃತ್ತರಾದರು. ಹೊಂಡಾ ಅವರಿಗೆ ಆಗ 66 ವರ್ಷ. ನಿವೃತ್ತಿಯ ನಂತರ ಅವರು ಜಪಾನಿನಾದ್ಯಂತ ಇದ್ದ ಕಾರ್ಖಾನೆಗಳಿಗೂ ಮಾರಾಟ ಮಳಿಗೆಗಳಿಗೂ ತಾವೇ ಭೇಟಿಯಿತ್ತು ನೌಕರರ ಕೈಕುಲುಕಿ ಕೃತಜ್ಞತೆ ಹೇಳಿದರು. ಒಂದು ಕಡೆ ಕೈ ಎಣ್ಣೆಯಾಗಿದೆಯೆಂದು ಕೆಲಸಗಾರನೊಬ್ಬ ಕೈಯನ್ನು ಹಿಂದಕ್ಕೆ ಎಳೆದುಕೊಂಡಾಗ, ಅದನ್ನೇ ಹಿಡಿದು ಕುಲುಕಿದರೆಂದು ಹೇಳುತ್ತಾರೆ.

ಅವರು ಬರೆದ ಪುಸ್ತಕವೊಂದರಲ್ಲಿ ಅವರ ಎಡಗೈಯ ರೇಖಾಚಿತ್ರವಿದೆ. ಬಲಗೈ ಉಪಕರಣ ಹಿಡಿಯುವ ಕೈ. ಪೆಟ್ಟು ತಿನ್ನುವುದು ಎಡಗೈ. ಸುತ್ತಿಗೆ ಬಿದ್ದು ಜಜ್ಜಿದ ಜಾಗ, ಕತ್ತರಿಸುವ ಉಪಕರಣ ಹೊಕ್ಕ ಜಾಗ, ಸವೆದು ಗಿಡ್ಡವಾದ ಬೆರಳ ತುದಿ, ಒಂದೊಂದು ಗಾಯಕ್ಕೂ ಗೆರೆ ಎಳೆದು ಅದು ಯಾವುದರಿಂದ ಆಯಿತೆಂದು ಪಕ್ಕದಲ್ಲಿ ಬರೆದಿದ್ದಾರೆ.